ಖಾಲಿ ಸೀಟನ್ನು ನಂಬುವುದು ಹೇಗೆ?

(ಡ್ರೈವರ್ ಇಲ್ಲದ ಕಾರುಗಳನ್ನು ಜನ ಯಾಕೆ ಒಪ್ಪುತ್ತಾರೆ, ಯಾಕೆ ಒಪ್ಪುವುದಿಲ್ಲ ಎಂಬ ವಿಷಯದ ಮೇಲೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವು ರಸ್ತೆ ದಾಟಲು ನಿಂತಿದ್ದೀರಿ ಅಂದುಕೊಳ್ಳಿ. ಒಂದು ಕಾರು ಬರುತ್ತಿದೆ. ಸ್ವಲ್ಪ ನಿಧಾನವಾದ ಹಾಗೆ ಕಾಣುತ್ತದೆ. ಆಗ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆ? ಗಾಜಿನ ಹಿಂದೆ ಕೂತವರ ಮುಖಕ್ಕೆ, ಅಲ್ವಾ? ಅವರು ನನ್ನನ್ನು ನೋಡಿದರಾ ಅಂತ ಹುಡುಕುತ್ತೀರಿ. ಅವರು ತಲೆಯನ್ನು ಒಂಚೂರು ಆಡಿಸುತ್ತಾರೆ. ಇಲ್ಲವೇ ಸ್ಟಿಯರಿಂಗ್ ಮೇಲಿಂದ ಎರಡು ಬೆರಳು ಎತ್ತಿ ‘ಹೋಗಿ’ ಅನ್ನುತ್ತಾರೆ. ನೀವು ಕಾಲು ಮುಂದಿಡುತ್ತೀರಿ. ಒಂದು ಸೆಕೆಂಡಿನಲ್ಲಿ ಒಬ್ಬ ಅಪರಿಚಿತರ ಕೈಗೆ ನಿಮ್ಮ ಜೀವ ಕೊಟ್ಟಿರಿ. ಅವರು ಅದನ್ನು ಕಾಪಾಡಿದರು.

ಈಗ ಅದೇ ಕಾರು, ಅದೇ ರಸ್ತೆ. ಡ್ರೈವರ್ ಸೀಟು ಖಾಲಿ. ಸ್ಟಿಯರಿಂಗ್ ತಾನೇ ತಿರುಗುತ್ತಿದೆ. ದಾಟುತ್ತೀರಾ?

ಡ್ರೈವರ್ ಇಲ್ಲದ ಕಾರಿನ ಬಗ್ಗೆ ಮಾತಾಡುವಾಗ ‘ನೀವು ಅದರಲ್ಲಿ ಕೂರುತ್ತೀರಾ?’ ಅಂತ ಎಲ್ಲರೂ ಕೇಳುತ್ತಾರೆ. ‘ಅದರ ಮುಂದೆ ರಸ್ತೆ ದಾಟುತ್ತೀರಾ?’ ಅಂತ ಕೇಳುವವರು ಕಡಿಮೆ. ನನಗೆ ಎರಡನೆಯದೇ ದೊಡ್ಡ ಪ್ರಶ್ನೆ. ಕೂರುವವರು ಇಷ್ಟಪಟ್ಟು ಕೂರುತ್ತಾರೆ, ಬೇಡ ಅನಿಸಿದರೆ ಇಳಿಯುತ್ತಾರೆ. ರಸ್ತೆಯಲ್ಲಿ ನಡೆಯುವವರನ್ನು, ಸೈಕಲ್ ತುಳಿಯುವವರನ್ನು ಯಾರೂ ಕೇಳುವುದಿಲ್ಲ. ಆದರೆ ಆ ಕಾರು ರಸ್ತೆಯಲ್ಲಿ ಬಾಳಬೇಕಾದರೆ ಇವರ ಒಪ್ಪಿಗೆಯೂ ಬೇಕು.

ಈ ಕಾರುಗಳನ್ನು ಮಾಡುವವರು ಸಾಮಾನ್ಯವಾಗಿ ಒಂದು ಲೆಕ್ಕ ಮುಂದಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ 90 ಸಾವಿರ ಜನ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಮೊಬೈಲ್ ನೋಡುವುದಿಲ್ಲ. ಹಾಗಾಗಿ ಜನ ಹೆದರುವುದು ತಿಳಿವಳಿಕೆ ಇಲ್ಲದೆ, ಅಂಕಿ ಅಂಶ ತೋರಿಸಿದರೆ ಸರಿಹೋಗುತ್ತಾರೆ ಅನ್ನುವುದು ಅವರ ವಾದ.

ಲೆಕ್ಕ ನಿಜ. ಅಷ್ಟು ಸಾವುಗಳನ್ನು ನಾವು ಮಾಮೂಲಿ ಅಂತ ಒಪ್ಪಿಕೊಂಡಿದ್ದೇವೆ ಅನ್ನುವುದೇ ನನಗೆ ಸಂಕಟ ತರುವ ವಿಷಯ. ಯಂತ್ರ ಅದನ್ನು ಅರ್ಧಕ್ಕೆ ಇಳಿಸಿದರೂ ಎಷ್ಟು ಮನೆಗಳ ದೀಪ ಉಳಿಯುತ್ತದೆ! ಈ ಕಾರುಗಳು ಗೆಲ್ಲಲಿ ಅಂತ ಬಯಸುವವರಲ್ಲಿ ನಾನೂ ಒಬ್ಬ. ಆದರೆ ಜನ ಅಂಕಿ ಗೊತ್ತಿಲ್ಲದೆ ಹೆದರುತ್ತಾರೆ ಅನ್ನುವುದನ್ನು ಒಪ್ಪಲಾರೆ.

ಅಮೆರಿಕದಲ್ಲಿ ಎಎಎ ಅಂತ ವಾಹನ ಸವಾರರ ದೊಡ್ಡ ಸಂಘ ಇದೆ. ತಾನೇ ಓಡುವ ಕಾರಿನ ಬಗ್ಗೆ ಅವರು ಜನರ ಸಮೀಕ್ಷೆ ಮಾಡುತ್ತಾರೆ. 2022ರಲ್ಲಿ ಭಯ ಅಂದವರು ಶೇ 55. 2023ರಲ್ಲಿ ಅದು ಶೇ 68ಕ್ಕೆ ಏರಿತು. 2025ರಲ್ಲಿ ಶೇ 61. ಈ ಮೂರು ವರ್ಷಗಳಲ್ಲೇ ಇಂಥ ಕಾರುಗಳು ರಸ್ತೆಯಲ್ಲಿ ಹೆಚ್ಚಾದವು, ವರದಿಗಳು ಬಂದವು, ವಿಡಿಯೊಗಳು ಬಂದವು. ತಿಳಿವಳಿಕೆ ಬಂದ ಹಾಗೆ ಭಯ ಹೋಗುವುದಾದರೆ 2023ರಲ್ಲಿ ಅದು ಯಾಕೆ ಏರಬೇಕಿತ್ತು?

1969ರಲ್ಲಿ ಚಾನ್ಸಿ ಸ್ಟಾರ್ ಎಂಬ ಎಂಜಿನಿಯರ್ ಒಂದು ಪ್ರಬಂಧ ಬರೆದರು. ನಾವಾಗಿ ಆರಿಸಿಕೊಂಡ ಅಪಾಯವನ್ನು, ಬೇರೆಯವರು ಹೇರಿದ ಅಪಾಯಕ್ಕಿಂತ ಸುಮಾರು 1000 ಪಟ್ಟು ಜಾಸ್ತಿ ಸಹಿಸುತ್ತೇವೆ ಅಂತ ಅಂದಾಜು ಮಾಡಿದರು. ಆ ಸಂಖ್ಯೆಯ ಬಗ್ಗೆ ಆಮೇಲೆ ಚರ್ಚೆ ಆಯಿತು, ಅದು ಬೇರೆ ಮಾತು. ನಂತರ ಪಾಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಇದನ್ನೇ ಇನ್ನೂ ಆಳವಾಗಿ ನೋಡಿದರು. ಅಪಾಯ ಹೊಸದೇ, ಅದರ ಹಿಡಿತ ನಮ್ಮ ಕೈಯಲ್ಲಿದೆಯೇ, ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆಯೇ ಅಂತೆಲ್ಲ ಜನ ನೋಡುತ್ತಾರೆ. ಸತ್ತವರ ಸಂಖ್ಯೆ ಅದರಲ್ಲಿ ಒಂದು ಅಂಶ, ಅಷ್ಟೇ. ಇದನ್ನು ದಡ್ಡತನ ಅಂತ ಕರೆಯಲು ನನಗೆ ಮನಸ್ಸಿಲ್ಲ. ನನ್ನ ಮೇಲೆ ಬರುವ ಅಪಾಯವನ್ನು ಯಾರು ತೀರ್ಮಾನಿಸುತ್ತಿದ್ದಾರೆ ಅಂತ ಕೇಳುವುದು ತೀರಾ ಸಹಜ.

ಅಂಕಿಗಳ ಬಗ್ಗೆ ಇನ್ನೊಂದು ತೊಡಕಿದೆ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ಇಬ್ಬರು 2016ರಲ್ಲಿ ಹೀಗೊಂದು ಲೆಕ್ಕ ಹಾಕಿದರು. ಸಾವಿನ ವಿಷಯದಲ್ಲಿ ಈ ಕಾರು ಮನುಷ್ಯರಷ್ಟಾದರೂ ಸುರಕ್ಷಿತ ಅಂತ ತಕ್ಕಮಟ್ಟಿಗೆ ಖಚಿತವಾಗಿ ಹೇಳಬೇಕಾದರೆ, ಒಂದೂ ಸಾವಿಲ್ಲದೆ 27 ಕೋಟಿ 50 ಲಕ್ಷ ಮೈಲಿ ಓಡಿಸಬೇಕು. 100 ಕಾರುಗಳನ್ನು ಹಗಲು ರಾತ್ರಿ ಬಿಡದೆ ಓಡಿಸಿದರೂ ಸುಮಾರು ಹನ್ನೆರಡೂವರೆ ವರ್ಷ ಬೇಕು. ಅಂದರೆ ಎಷ್ಟೋ ಕಾಲ ಪೂರ್ತಿ ಪುರಾವೆ ಇಲ್ಲದೆಯೇ ಜನ ಒಪ್ಪಬೇಕಾಗುತ್ತದೆ. ಅಲ್ಲಿಯವರೆಗೆ ಅವರು ನಂಬುವುದು ಆ ಕಾರನ್ನು ರಸ್ತೆಗೆ ಬಿಟ್ಟವರನ್ನು. ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದು ಇದನ್ನೇ. ಯಂತ್ರದ ಮೇಲಿನ ನಂಬಿಕೆ ಅಂತ ನಾವು ಕರೆಯುವುದರಲ್ಲಿ ಬಹುಪಾಲು ಅದರ ಹಿಂದಿರುವವರ ಮೇಲಿನ ನಂಬಿಕೆ. ತಪ್ಪು ನಡೆದಾಗ ಅವರು ಹೇಗೆ ನಡೆದುಕೊಂಡರು ಅನ್ನುವುದರ ಮೇಲೆ ಅದು ನಿಲ್ಲುತ್ತದೆ, ಇಲ್ಲವೇ ಕುಸಿಯುತ್ತದೆ.

ಎರಡು ಘಟನೆಗಳನ್ನು ಹತ್ತಿರದಿಂದ ನೋಡೋಣ.

2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರ. ಒಬ್ಬ ಮಹಿಳೆ ಸೈಕಲ್ ತಳ್ಳಿಕೊಂಡು ಅಗಲವಾದ ರಸ್ತೆ ದಾಟುತ್ತಿದ್ದರು. ಅಲ್ಲಿ ಜೀಬ್ರಾ ಪಟ್ಟೆ ಇರಲಿಲ್ಲ. ಊಬರ್ ಕಂಪನಿಯ ಪರೀಕ್ಷಾ ಕಾರು ಬರುತ್ತಿತ್ತು. ಡ್ರೈವರ್ ಸೀಟಿನಲ್ಲಿ ಒಬ್ಬರಿದ್ದರು, ಆದರೆ ಓಡಿಸುತ್ತಿದ್ದದ್ದು ಕಂಪ್ಯೂಟರ್. ಕಾರು ಗುದ್ದಿತು. ಆ ಮಹಿಳೆ ತೀರಿಕೊಂಡರು. ತಾನೇ ಓಡುವ ಪರೀಕ್ಷಾ ಕಾರಿನಿಂದ ಪಾದಚಾರಿ ಸತ್ತ ಮೊದಲ ಪ್ರಕರಣ ಅದು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಸೆಕೆಂಡು ಸೆಕೆಂಡಿನ ವಿವರ ಹೊರಗಿಟ್ಟಿತು. ಗುದ್ದುವುದಕ್ಕೆ 5.6 ಸೆಕೆಂಡು ಮುಂಚೆಯೇ ಕಾರಿನ ಸೆನ್ಸರ್‌ಗಳಿಗೆ ಅವರು ಕಂಡಿದ್ದರು. 5.6 ಸೆಕೆಂಡು ಅಂದರೆ ಸಣ್ಣ ಸಮಯ ಅಲ್ಲ. ಈಗ ಎದುರಿಗೆ ಗಡಿಯಾರ ಇದ್ದರೆ ಎಣಿಸಿ ನೋಡಿ. ಆದರೆ ಕಂಡದ್ದು ಏನು ಅಂತ ಸಿಸ್ಟಮ್‌ಗೆ ಗೊತ್ತಾಗಲಿಲ್ಲ. ಮೊದಲು ಒಂದು ವಾಹನ ಅಂದುಕೊಂಡಿತು. ಆಮೇಲೆ ‘ಬೇರೆ ಏನೋ’ ಅಂದಿತು. ಆಮೇಲೆ ಸೈಕಲ್ ಅಂದಿತು. ಪ್ರತಿ ಸಲ ಹೆಸರು ಬದಲಾದಾಗಲೂ, ಆ ವಸ್ತು ಅಲ್ಲಿಯವರೆಗೆ ಎತ್ತ ಸಾಗುತ್ತಿತ್ತು ಅನ್ನುವ ಲೆಕ್ಕವನ್ನು ಬಿಟ್ಟು ಹೊಸದಾಗಿ ಶುರು ಮಾಡಿತು. ಜೀಬ್ರಾ ಪಟ್ಟೆ ಇಲ್ಲದ ಕಡೆ ಜನ ರಸ್ತೆ ದಾಟಬಹುದು ಅನ್ನುವುದೇ ಆ ಸಾಫ್ಟ್‌ವೇರ್‌ನಲ್ಲಿ ಇರಲಿಲ್ಲ. ಗುದ್ದುತ್ತೇನೆ ಅಂತ ಕೊನೆಗೆ ಗೊತ್ತಾದಾಗ 1.2 ಸೆಕೆಂಡು ಉಳಿದಿತ್ತು. ಸುಮ್ನೆ ಸುಮ್ನೆ ಬ್ರೇಕ್ ಬೀಳಬಾರದು ಅಂತ, ಅದರಲ್ಲೂ ಒಂದು ಸೆಕೆಂಡು ಕಾಯುವ ಹಾಗೆ ಮಾಡಿಟ್ಟಿದ್ದರು. ಕಾರು ತಯಾರಿಸಿದ ವೋಲ್ವೊದವರು ಕೊಟ್ಟಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಕಂಪ್ಯೂಟರ್ ಓಡಿಸುವಾಗ ಆಫ್ ಮಾಡಲಾಗಿತ್ತು. ಸೀಟಿನಲ್ಲಿದ್ದವರ ಕಣ್ಣು ಮೊಬೈಲ್ ಮೇಲಿತ್ತು. ಮೊದಲು ಇಂಥ ಕಾರಿನಲ್ಲಿ ಇಬ್ಬರು ಇರುತ್ತಿದ್ದರು, ಕೆಲವು ತಿಂಗಳ ಹಿಂದೆ ಕಂಪನಿ ಅದನ್ನು ಒಬ್ಬರಿಗೆ ಇಳಿಸಿತ್ತು.

ಇದರಲ್ಲಿ ‘ಯಂತ್ರದ ತಪ್ಪು’ ಎಷ್ಟಿದೆ ನೋಡಿ. ಬ್ರೇಕ್ ಆಫ್ ಮಾಡಿದ್ದು ಮನುಷ್ಯರು. ಒಂದು ಸೆಕೆಂಡು ಕಾಯಲಿ ಅಂದದ್ದು ಮನುಷ್ಯರು. ಎರಡನೆಯ ಸೀಟಿನಲ್ಲಿದ್ದವರನ್ನು ತೆಗೆದದ್ದು ಮನುಷ್ಯರು. ಜನ ಎಲ್ಲೆಂದರಲ್ಲಿ ದಾಟುತ್ತಾರೆ ಅನ್ನುವ ಸತ್ಯವನ್ನು ಬರೆಯದೆ ಬಿಟ್ಟದ್ದೂ ಮನುಷ್ಯರೇ. ಕೊನೆಗೆ ನ್ಯಾಯಾಲಯದ ಮುಂದೆ ನಿಂತದ್ದು ಸೀಟಿನಲ್ಲಿದ್ದ ಒಬ್ಬರು ಮಾತ್ರ. ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಹಾಕುವುದಿಲ್ಲ ಅಂತ 2019ರಲ್ಲೇ ತೀರ್ಮಾನ ಆಗಿತ್ತು. ಇದನ್ನು ಓದಿದ ಸಾಮಾನ್ಯ ಮನುಷ್ಯರಿಗೆ ಏನನಿಸಬೇಕು? ‘ನಾಳೆ ನನಗೆ ಹೀಗಾದರೆ ಜವಾಬ್ದಾರಿ ಯಾರದು?’ ಅಂತ ತಾನೇ?

ಎರಡನೆಯದು 2023ರ ಅಕ್ಟೋಬರ್ 2, ಸ್ಯಾನ್ ಫ್ರಾನ್ಸಿಸ್ಕೊ. ಮನುಷ್ಯರೇ ಓಡಿಸುತ್ತಿದ್ದ ಒಂದು ಕಾರು ಒಬ್ಬ ಮಹಿಳೆಗೆ ಗುದ್ದಿ ಓಡಿಹೋಯಿತು. ಅವರು ಪಕ್ಕದ ಲೇನಿನಲ್ಲಿ ಬರುತ್ತಿದ್ದ ಕ್ರೂಸ್ ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿಯ ಮುಂದೆ ಬಿದ್ದರು. ಟ್ಯಾಕ್ಸಿ ಬ್ರೇಕ್ ಹಾಕಿತು, ಆದರೂ ತಗುಲಿತು. ನಿಂತಿತು. ಅಲ್ಲಿಯವರೆಗಿನದು ಯಾವ ಡ್ರೈವರ್‌ಗೂ ಆಗಬಹುದಾದದ್ದು. ಆದರೆ ಬದಿಯಿಂದ ಏನೋ ತಾಗಿದೆ ಅಂತ ಅದು ತಪ್ಪಾಗಿ ತಿಳಿಯಿತು. ರಸ್ತೆ ಪಕ್ಕಕ್ಕೆ ಸರಿದು ನಿಲ್ಲಬೇಕು ಅಂತ ಮತ್ತೆ ಹೊರಟಿತು. ಕೆಳಗೆ ಸಿಕ್ಕಿಕೊಂಡವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು.

ಅವರು ಬದುಕಿದರು, ತೀವ್ರ ಗಾಯಗಳೊಂದಿಗೆ. ಆ ಕಂಪನಿಯನ್ನು ಮುಳುಗಿಸಿದ್ದು ಇದರ ಮುಂದಿನ ಭಾಗ. ಬೇರೆ ಕಾರು ಗುದ್ದಿ ಓಡಿಹೋಯಿತು ಅನ್ನುವುದನ್ನು ಕಂಪನಿ ಎಲ್ಲರಿಗೂ ಹೇಳಿತು. ಎಳೆದುಕೊಂಡು ಹೋದದ್ದನ್ನು ಹೇಳಲಿಲ್ಲ. ಅಕ್ಟೋಬರ್ 24ರಂದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಪರವಾನಗಿ ಅಮಾನತು ಮಾಡಿತು. ಮುಂದಿನ ತಿಂಗಳು ಕಂಪನಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. 2024ರ ಕೊನೆಯ ಹೊತ್ತಿಗೆ ಅದರ ಒಡೆಯರಾದ ಜನರಲ್ ಮೋಟರ್ಸ್ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟಿತು. ಸಾವಿರಾರು ಗಂಟೆ ಕಷ್ಟಪಟ್ಟು ಕೋಡ್ ಬರೆದ ಎಂಜಿನಿಯರುಗಳ ಕೆಲಸ, ನಿಜ ಹೇಳಬೇಕಾದವರು ಅರ್ಧ ಹೇಳಿದ್ದಕ್ಕೆ ಮಣ್ಣುಪಾಲಾಯಿತು. ಅದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಯಂತ್ರದ ಒಂದು ತಪ್ಪು ಯಾಕೆ ಇಷ್ಟು ಆಳಕ್ಕೆ ಇಳಿಯುತ್ತದೆ? 2015ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನ ಇದನ್ನು ತೋರಿಸಿದೆ. ಮನುಷ್ಯರೂ ಕಂಪ್ಯೂಟರೂ ಒಂದೇ ಕೆಲಸ ಮಾಡುವುದನ್ನು ಜನರಿಗೆ ತೋರಿಸಿದರು. ಕಂಪ್ಯೂಟರ್ ಮನುಷ್ಯರಿಗಿಂತ ಚೆನ್ನಾಗಿ ಮಾಡಿದರೂ, ಅದು ಒಮ್ಮೆ ತಪ್ಪು ಮಾಡಿದ್ದನ್ನು ಕಂಡವರು ಅದನ್ನು ಬೇಗ ಕೈಬಿಟ್ಟರು. ಕಾರಣ ಕಷ್ಟದ್ದೇನಲ್ಲ ಅನಿಸುತ್ತದೆ. ಮನುಷ್ಯರ ತಪ್ಪು ನಮಗೆ ಅರ್ಥವಾಗುತ್ತದೆ. ನಿದ್ದೆ ಬಂತು, ಆತುರ ಇತ್ತು, ಕಾಣಲಿಲ್ಲ. ನಾವೂ ಹಾಗೆ ತಪ್ಪಿದ್ದೇವೆ. ಸೈಕಲ್ ತಳ್ಳುವವರನ್ನು ಐದು ಸೆಕೆಂಡು ನೋಡುತ್ತಲೇ ಇದ್ದು ‘ಬೇರೆ ಏನೋ’ ಅಂದುಕೊಳ್ಳುವ ತಪ್ಪನ್ನು ನಾವು ಯಾರೂ ಮಾಡುವುದಿಲ್ಲ. ಅದಕ್ಕೇ ಅದು ಹೆದರಿಸುತ್ತದೆ. ಇನ್ನೂ ಏನೇನು ಹೀಗೆ ತಪ್ಪಬಹುದು ಅಂತ ಊಹಿಸಲು ಆಗುವುದಿಲ್ಲ.

ಈಗ ಕಾರಿನ ಒಳಗೆ ಬರೋಣ. ಇಲ್ಲಿ ಕತೆ ಬೇರೆ ಇದೆ. ಇಂಥ ಟ್ಯಾಕ್ಸಿಯಲ್ಲಿ ಕೂತವರು ಹೇಳುವುದು ಹೆಚ್ಚುಕಡಿಮೆ ಒಂದೇ ತರಹ. ಮೊದಲ ಕೆಲವು ನಿಮಿಷ ಕೈ ಸೀಟನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಎದುರಿನ ಪರದೆಯಲ್ಲಿ ಕಾರಿಗೆ ಏನು ಕಾಣುತ್ತಿದೆ ಅನ್ನುವುದರ ಚಿತ್ರ ಬರುತ್ತಿರುತ್ತದೆ. ಪಕ್ಕದ ಬಸ್ಸು, ನಡೆಯುವವರು, ಸಿಗ್ನಲ್ ದೀಪ. ನೀವು ಕಿಟಕಿಯಲ್ಲಿ ನೋಡುತ್ತೀರಿ, ಪರದೆಯಲ್ಲಿ ನೋಡುತ್ತೀರಿ, ಎರಡೂ ತಾಳೆಯಾಗುತ್ತದೆ. ನಾಲ್ಕು ತಿರುವು ದಾಟುವಷ್ಟರಲ್ಲಿ ಕೈ ಸಡಿಲವಾಗುತ್ತದೆ. ಆ ಪರದೆ ಇಲ್ಲದೆಯೂ ಕಾರು ಹಾಗೇ ಓಡುತ್ತದೆ. ಅದು ಇರುವುದು ನಿಮಗೋಸ್ಕರ. ‘ನನಗೆ ಕಾಣುತ್ತಿದೆ’ ಅಂತ ಕಾರು ನಿಮಗೆ ಹೇಳುವ ರೀತಿ ಅದು.

ಆದರೆ ನಂಬಿಕೆ ಜಾಸ್ತಿಯಾದರೂ ಕಷ್ಟವೇ. 2014ರಲ್ಲಿ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ತಾನೇ ಓಡುವ ಕಾರಿಗೆ ಒಂದು ಹೆಸರು ಮತ್ತು ಹೆಣ್ಣಿನ ದನಿ ಕೊಟ್ಟರು. ಅಷ್ಟಕ್ಕೇ ಜನ ಅದನ್ನು ಹೆಚ್ಚು ನಂಬಿದರು. ಕಾರಿನ ಸಾಮರ್ಥ್ಯ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ! ಹೆಸರಿಗೆ ಎಷ್ಟು ಬಲ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 0ಯಿಂದ 5ರವರೆಗೆ ಹಂತಗಳನ್ನು ಮಾಡಿದೆ. 2ನೇ ಹಂತದ ಕಾರು ಸ್ಟಿಯರಿಂಗ್, ಬ್ರೇಕ್ ಎರಡನ್ನೂ ನೋಡಿಕೊಂಡರೂ ಕಣ್ಣು ರಸ್ತೆಯ ಮೇಲೆ ಇಡಬೇಕಾದವರು ನೀವೇ. 4ನೇ ಹಂತದಲ್ಲಿ, ಗೊತ್ತುಮಾಡಿದ ಜಾಗದೊಳಗೆ, ನಿಮ್ಮ ಅಗತ್ಯವೇ ಇಲ್ಲ. ಇವೆರಡರ ನಡುವೆ ಅಜಗಜಾಂತರ. ಆದರೆ 2ನೇ ಹಂತದ ವ್ಯವಸ್ಥೆಗೆ ಟೆಸ್ಲಾ ಇಟ್ಟ ಹೆಸರು ‘ಆಟೊಪೈಲಟ್’. ಕೊಂಡವರು ಆ ಹೆಸರನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ. ಚಾಲಕರು ಗಮನ ಇಟ್ಟಿದ್ದಾರೆಯೇ ಅಂತ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ 20 ಲಕ್ಷ ಕಾರುಗಳನ್ನು ರೀಕಾಲ್ ಮಾಡಿ ಸಾಫ್ಟ್‌ವೇರ್ ತಿದ್ದಬೇಕಾಯಿತು. ನನ್ನ ಮಟ್ಟಿಗೆ, ಸುಳ್ಳು ಭರವಸೆಯಿಂದ ಗಳಿಸಿದ ಒಪ್ಪಿಗೆಗಿಂತ ಪ್ರಾಮಾಣಿಕ ಭಯ ಮೇಲು.

‘ಐದು ಜನರನ್ನು ಉಳಿಸಲು ಒಬ್ಬರನ್ನು ಕೊಲ್ಲಬೇಕೆ?’ ಅನ್ನುವ ಒಗಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಆನ್‌ಲೈನ್ ಪ್ರಯೋಗ ಜಗತ್ತಿನಾದ್ಯಂತ ಜನರಿಂದ ಸುಮಾರು 4 ಕೋಟಿ ಉತ್ತರ ಸಂಗ್ರಹಿಸಿತು. ಅದಕ್ಕೆ ಸಿಕ್ಕ ಗಮನ ಜಾಸ್ತಿಯಾಯಿತು ಅಂತ ನನಗನಿಸುತ್ತದೆ. ಟೆಂಪಿಯಲ್ಲಿ ಅಂಥ ಯಾವ ಧರ್ಮಸಂಕಟವೂ ಇರಲಿಲ್ಲ, ಬ್ರೇಕ್ ಹಾಕಿದ್ದರೆ ಸಾಕಿತ್ತು. ಒಂದು ಅಂಶ ಮಾತ್ರ ನೆನಪಿಡಬೇಕಾದದ್ದು. 2016ರ ಒಂದು ಅಧ್ಯಯನದಲ್ಲಿ ಜನ, ಹೆಚ್ಚು ಜೀವ ಉಳಿಸುವ ಕಾರು ಒಳ್ಳೆಯದು ಅಂದರು. ಆದರೆ ತಾವು ಕೊಳ್ಳುವುದಾದರೆ ತಮ್ಮನ್ನು ಉಳಿಸುವ ಕಾರೇ ಬೇಕು ಅಂದರು. ಒಳಗೆ ಕೂತವರ ಒಪ್ಪಿಗೆ, ಹೊರಗೆ ನಿಂತವರ ಒಪ್ಪಿಗೆ ಒಂದೇ ಅಲ್ಲ ಅನ್ನುವುದು ಇಲ್ಲೂ ಕಾಣುತ್ತದೆ.

ಹೊರಗೆ ನಿಂತವರ ಸಿಟ್ಟು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಣ್ಣಿಗೆ ಕಾಣುವ ಹಾಗೆ ಹೊರಬಂತು. 2023ರ ಬೇಸಿಗೆಯಲ್ಲಿ ಕೆಲವರು ರಸ್ತೆಯ ಕಿತ್ತಳೆ ಬಣ್ಣದ ಕೋನ್ ಎತ್ತಿಕೊಂಡು ಈ ಕಾರುಗಳ ಬಾನೆಟ್ ಮೇಲೆ ಇಡತೊಡಗಿದರು. ಕಾರು ಗೊಂದಲಗೊಂಡು ಅಲ್ಲೇ ನಿಲ್ಲುತ್ತಿತ್ತು. ಈ ಕಾರುಗಳು ದಾರಿಗೆ ಅಡ್ಡ ನಿಲ್ಲುತ್ತಿವೆ ಅಂತ ನಗರದ ಅಗ್ನಿಶಾಮಕ ದಳ ಮತ್ತೆ ಮತ್ತೆ ದೂರು ಹೇಳಿತ್ತು. ಆದರೂ ಆ ವರ್ಷ ಆಗಸ್ಟ್ 10ರಂದು ರಾಜ್ಯದ ಆಯೋಗ ಕ್ರೂಸ್ ಮತ್ತು ವೇಮೊ ಎಂಬ ಎರಡು ಕಂಪನಿಗಳಿಗೆ ದಿನದ 24 ಗಂಟೆಯೂ ಬಾಡಿಗೆ ಓಡಿಸಲು ಅನುಮತಿ ಕೊಟ್ಟಿತು. ತೀರ್ಮಾನ ರಾಜ್ಯದ್ದು, ಅನುಭವಿಸುವುದು ನಗರದವರು. ಮುಂದಿನ ಫೆಬ್ರವರಿಯಲ್ಲಿ ಅದೇ ನಗರದ ಚೈನಾಟೌನ್‌ನಲ್ಲಿ ಗುಂಪೊಂದು ಖಾಲಿ ವೇಮೊ ಕಾರಿಗೆ ಬೆಂಕಿ ಹಚ್ಚಿತು. ಬೆಂಕಿ ಹಚ್ಚುವುದನ್ನು ಯಾರೂ ಸಮರ್ಥಿಸಲಾಗದು. ಆದರೆ ಕೋನ್ ಇಟ್ಟವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ‘ನಮ್ಮ ಬೀದಿಯಲ್ಲಿ ಪ್ರಯೋಗ ಮಾಡುವ ಮುಂಚೆ ನಮ್ಮನ್ನು ಕೇಳಿದಿರಾ?’ ಅನ್ನುವ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಹೊಟ್ಟೆಪಾಡಿನ ಪ್ರಶ್ನೆಯೂ ಹೀಗೇ. 2024ರಲ್ಲಿ ಚೀನಾದ ವುಹಾನ್ ನಗರದಲ್ಲಿ ಬೈದು ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿಗಳು ಕಡಿಮೆ ಬಾಡಿಗೆಗೆ ಓಡತೊಡಗಿದಾಗ ಅಲ್ಲಿನ ಟ್ಯಾಕ್ಸಿ ಚಾಲಕರು ದನಿ ಎತ್ತಿದರು. ಸುರಕ್ಷತೆಯ ಅಂಕಿ ತೋರಿಸಿ ಅವರನ್ನು ಸಮಾಧಾನ ಮಾಡಲು ಆಗುವುದಿಲ್ಲ. ಅವರು ಕೇಳುತ್ತಿರುವುದೇ ಬೇರೆ.

ಕಾನೂನು ಇಲ್ಲಿ ನಿಧಾನವಾಗಿಯಾದರೂ ಕೆಲಸ ಮಾಡುತ್ತಿದೆ. ಜರ್ಮನಿಯ ನೀತಿ ಆಯೋಗವೊಂದು 2017ರಲ್ಲಿ 20 ಸೂತ್ರಗಳನ್ನು ಕೊಟ್ಟಿತು. ಅಪಘಾತ ತಪ್ಪಿಸಲಾಗದಾಗ ವಯಸ್ಸು, ಲಿಂಗ ನೋಡಿ ಜನರನ್ನು ತೂಗಬಾರದು ಅನ್ನುವುದು ಅದರಲ್ಲಿ ಒಂದು. ಬ್ರಿಟನ್ನಿನ 2024ರ ಕಾಯ್ದೆ, ಇಂಥ ವಾಹನ ಎಚ್ಚರಿಕೆಯ ಮತ್ತು ಸಮರ್ಥ ಮನುಷ್ಯ ಚಾಲಕರಷ್ಟಾದರೂ ಸುರಕ್ಷಿತವಾಗಿರಬೇಕು ಅನ್ನುತ್ತದೆ. ತಾನೇ ಓಡುವಾಗ ನಡೆದ ತಪ್ಪಿಗೆ ಒಳಗೆ ಕೂತವರನ್ನು ಹೊಣೆ ಮಾಡುವುದಿಲ್ಲ ಅಂತಲೂ ಹೇಳುತ್ತದೆ. ಟೆಂಪಿ ಎಬ್ಬಿಸಿದ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರ ಬರಲು ಆರು ವರ್ಷ ಬೇಕಾಯಿತು, ಅದೂ ಬೇರೆ ದೇಶದಲ್ಲಿ.

ನಂಬಿಕೆ ಗಳಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಜಪಾನಿನ ಐಹೇಜಿ ಎಂಬ ಪುಟ್ಟ ಊರನ್ನು ತೋರಿಸುತ್ತೇನೆ. 2023ರ ಮೇ ತಿಂಗಳಲ್ಲಿ ಆ ದೇಶದ ಮೊದಲ 4ನೇ ಹಂತದ ಸೇವೆ ಅಲ್ಲಿ ಶುರುವಾಯಿತು. ದೊಡ್ಡ ಕಾರೇನಲ್ಲ, ಗಾಲ್ಫ್ ಮೈದಾನದಲ್ಲಿ ಓಡಾಡುವಂಥ ಸಣ್ಣ ಗಾಡಿ. ಗಂಟೆಗೆ 12 ಕಿಲೋಮೀಟರ್ ವೇಗ. ಹಳೆಯ ರೈಲು ಹಳಿ ಇದ್ದ ಜಾಗದಲ್ಲಿ ಮಾಡಿದ ಸುಮಾರು 2 ಕಿಲೋಮೀಟರ್ ದಾರಿ. ಕಾರು ಓಡಿಸಲಾಗದ ವಯಸ್ಸಾದವರು ಜಾಸ್ತಿ ಇರುವ, ಡ್ರೈವರುಗಳು ಸಿಗದ ದೇಶದಲ್ಲಿ ಇದು ಯಾರಿಗೆ ಬೇಕು ಅಂತ ಯಾರೂ ವಿವರಿಸಬೇಕಾಗಿಲ್ಲ.

ಶುರುವಾದ ಐದೇ ತಿಂಗಳಲ್ಲಿ, ಅದೇ ಅಕ್ಟೋಬರ್‌ನಲ್ಲಿ, ಅಲ್ಲೂ ಒಂದು ತಪ್ಪು ನಡೆಯಿತು. ದಾರಿ ಬದಿಯಲ್ಲಿ ನಿಲ್ಲಿಸಿದ್ದ ಒಂದು ಸೈಕಲ್‌ಗೆ ಗಾಡಿ ತಾಗಿತು. ಸೈಕಲ್ ಮೇಲೆ ಯಾರೂ ಇರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಇಷ್ಟು ಸಣ್ಣದಕ್ಕೆ ಏನು ಅಂತ ಮುಂದೆ ಹೋಗಬಹುದಿತ್ತು. ಅವರು ಸೇವೆಯನ್ನೇ ನಿಲ್ಲಿಸಿದರು. ಸೈಕಲ್ ಯಾಕೆ ಕಾಣಲಿಲ್ಲ ಅಂತ ಹುಡುಕಿದರು. ಕ್ಯಾಮೆರಾದ ಸಿಸ್ಟಮ್‌ಗೆ ಅಂಥ ಚಿತ್ರಗಳನ್ನು ಸಾಕಷ್ಟು ಕಲಿಸಿರಲಿಲ್ಲ ಅಂತ ಕಂಡುಕೊಂಡು ಹೊರಗೆ ಹೇಳಿದರು. ಸರಿಪಡಿಸಿ, 2024ರ ಮಾರ್ಚ್‌ನಲ್ಲಿ ಮತ್ತೆ ಓಡಿಸಿದರು. ಒಂದು ಖಾಲಿ ಸೈಕಲ್‌ಗೋಸ್ಕರ ತಿಂಗಳುಗಟ್ಟಲೆ ನಿಂತ ಗಾಡಿಯನ್ನು ನೆನೆದಾಗ, ಟೆಂಪಿಯ ಆ ಸೈಕಲ್ ಕಣ್ಣ ಮುಂದೆ ಬರುತ್ತದೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: ‘ಎಲ್ಲ ಸರಿ. ಆದರೆ ರಸ್ತೆ ದಾಟುವಾಗ ಅದು ನನ್ನನ್ನು ನೋಡಿದೆ ಅಂತ ನನಗೆ ಗೊತ್ತಾಗುವುದು ಹೇಗೆ?’

ಅದಕ್ಕೆ ಹಲವು ಪ್ರಯತ್ನ ನಡೆದಿವೆ ಅಂದೆ. ಗಾಜಿನ ಮೇಲೆ ಬೆಳಕಿನ ಪಟ್ಟಿ ಹಚ್ಚಿ ನೋಡಿದ್ದಾರೆ. ವೇಮೊ ಕಾರಿನ ತಲೆಯ ಮೇಲಿನ ಗುಮ್ಮಟದಲ್ಲಿ ನಡೆಯುವವರ ಚಿತ್ರ ಮೂಡುತ್ತದೆ. ಡ್ರೈವರನ್ನು ಸೀಟಿನ ಹಾಗೆ ಕಾಣುವ ಬಟ್ಟೆಯೊಳಗೆ ಬಚ್ಚಿಟ್ಟು, ಕಾರು ಖಾಲಿ ಅನ್ನಿಸುವ ಹಾಗೆ ಮಾಡಿ, ಜನ ಹೇಗೆ ದಾಟುತ್ತಾರೆ ಅಂತ ರಸ್ತೆಯಲ್ಲೇ ಪರೀಕ್ಷೆ ಮಾಡಿದ್ದಾರೆ. ಅಂಥ ಒಂದು ಪ್ರಯೋಗದಲ್ಲಿ ಹೆಚ್ಚಿನವರು ಸೀಟು ಖಾಲಿ ಇದ್ದರೂ ಸಲೀಸಾಗಿ ದಾಟಿದರು. ಅವರು ತಡವರಿಸಿದ್ದು ಕಾರು ಸರಿಯಾಗಿ ನಡೆದುಕೊಳ್ಳದಾಗ, ನಿಂತಿದ್ದು ಮತ್ತೆ ಮುಂದೆ ಸರಿದಾಗ.

‘ಹಾಗಾದರೆ ಅದು ದೂರದಲ್ಲೇ ನಿಧಾನ ಆಗಲಿ’ ಅಂದರು ಅವರು. ‘ನನ್ನ ಹತ್ತಿರ ಬಂದು ಗಕ್ಕನೆ ನಿಲ್ಲುವುದು ಬೇಡ. ದೂರದಿಂದಲೇ ನಿಧಾನವಾದರೆ ನೋಡಿದೆ ಅಂತ ನನಗೆ ತಿಳಿಯುತ್ತದೆ. ಪೂರ್ತಿ ನಿಲ್ಲಲಿ. ನಾನು ಆಚೆ ಮುಟ್ಟುವ ತನಕ ಕಾಯಲಿ. ನನಗೆ ಮಂಡಿ ನೋವು, ಬೇಗ ನಡೆಯಲು ಆಗುವುದಿಲ್ಲ.’

ನಾನು ಅದನ್ನು ಹಾಗೇ ಬರೆದುಕೊಂಡೆ.